ಬೀರನ ಎರಡು ಗಳಿಗೆ

ಬೀರಾ ಗೌಡ ಸತ್ತ. ೧೯೩೮ನೇ ಇಸವಿ, ಜ್ಯೇಷ್ಠ ಶುದ್ಧ ಬಿದಿಗೆಯ ಬೆಳಿಗ್ಗೆ, ಮಂಜಗುಣಿಯ ತನ್ನ ಮನೆಯ ಜಗಲಿಯ ಮೇಲೆ. ವಯಸ್ಸು ಐವತ್ತೈದೋ ಅರವತ್ತೋ, ಬರೆದಿಟ್ಟವರಿಲ್ಲ. ಹಿಂದಿನ ಸಂಜೆ ಮಲಗಿದವನು ಮತ್ತೆ ಏಳಲಿಲ್ಲ. ಹೆಂಡತಿ ತಿಮ್ಮಿ ಒಲೆ ಹಚ್ಚಿ, ಗಂಜಿಯ ತಿಳಿ ಹಿಡಿದು ಬಂದು ಮುಟ್ಟಿದಾಗ ಮೈ ತಣ್ಣಗಾಗಿತ್ತು. ಅವಳು ಕೂಗಲಿಲ್ಲ. ಬಟ್ಟಲನ್ನು ಅಲ್ಲೇ ಇಟ್ಟು ಊರ ಶಾಲೆಯ ತನಕ ನಡೆದು ಬಂದಳು. ರಾತ್ರಿ ಅಲ್ಲೇ ತಂಗಿ, ಜಗಲಿಯ ಮೇಲೆ ಚಾಪೆ ಮಡಚುತ್ತಿದ್ದ ರಾಮನಾಥನಿಗೆ ಹೇಳಿದಳು: “ಮಾಸ್ತರೆ, ನಿಮ್ಮ ದೋಸ್ತ ಹೋದ್ರು.”

ಬೀರನ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ ಎಂದು ಊರಲ್ಲಿ ಕೇಳಿದರೆ ಹೇಳುತ್ತಾರೆ. ಅವನು ಗಜನಿಯ ಬಾಗಿಲು ಕಾಯುತ್ತಿದ್ದ. ಒಂದು ಸಂಜೆ ಕಾಯಲಿಲ್ಲ. ಅವರ ಮಟ್ಟಿಗೆ ಅವನ ಬದುಕು ಇಷ್ಟೇ.

ಗಂಗಾವಳಿ ಹೊಳೆ ಸಮುದ್ರಕ್ಕೆ ಸೇರುವ ಕಡೆ, ಹೊಳೆಯ ಪಕ್ಕದ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಉಪ್ಪುನೀರು ನುಗ್ಗದಂತೆ ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ದಂಡೆ ಕಟ್ಟಿದ್ದಾರೆ. ದಂಡೆಯಲ್ಲಿ ಒಂದು ಕಡೆ ಕಲ್ಲಿನ ಕಂಡಿ, ಅದೇ ಗಜನಿಯ ಬಾಗಿಲು. ಅದಕ್ಕೆ ಒಂದರ ಮೇಲೊಂದು ಇಳಿಸುವ ಮರದ ಹಲಗೆಗಳು. ಇಳಿತದಲ್ಲಿ ಹಲಗೆ ಎತ್ತಿದರೆ ಗದ್ದೆಯ ಮಳೆನೀರು ಹೊಳೆಗೆ ಹೋಗುತ್ತದೆ. ನೀರು ತಿರುಗಿ ಭರತಿ ಶುರುವಾದರೆ ಎರಡು ಗಳಿಗೆಯಲ್ಲಿ, ಮುಕ್ಕಾಲು ಗಂಟೆಯಷ್ಟರಲ್ಲಿ, ಅದು ಕಂಡಿಯ ಹೊಸಿಲು ಮುಟ್ಟುತ್ತದೆ. ಅಷ್ಟರೊಳಗೆ ಹಲಗೆ ಇಳಿದಿರಬೇಕು. ಆಮೇಲೆ ಇಳಿಸುತ್ತೇನೆಂದರೆ ಆಗುವುದಿಲ್ಲ, ಒಳಗೆ ನುಗ್ಗುವ ನೀರು ಹಲಗೆಯನ್ನು ಹಿಡಿದು ತಿರುಚುತ್ತದೆ. ಮೊಳಕೆ ಬರುವ ಹೊತ್ತಿಗೆ ಉಪ್ಪು ಕುಡಿದರೆ ಕಗ್ಗದ ಭತ್ತವೂ ಸಾಯುತ್ತದೆ. ಬೆಳೆದ ಮೇಲಾದರೆ ಅದು ಎಂಥ ಉಪ್ಪನ್ನೂ ತಡೆಯುವ ಬೆಳೆ, ಆದರೆ ಎಳೆಯದರಲ್ಲಿ ಎಲ್ಲ ಮಕ್ಕಳೂ ಒಂದೇ.

ಬೀರನ ಅಪ್ಪ ಆ ಬಾಗಿಲು ಕಾದ. ಅಪ್ಪ ಹೋದ ಮೇಲೆ ಬೀರಾ. ದಿನಕ್ಕೆ ಎರಡು ಸಲ ಎತ್ತಬೇಕು, ಎರಡು ಸಲ ಇಳಿಸಬೇಕು. ನೀರಿಗೆ ಹಗಲು ರಾತ್ರಿ ಇಲ್ಲ, ಹಬ್ಬ ಹುಣ್ಣಿಮೆ ಇಲ್ಲ.

“ನಿಂದೊಂದು ಕೆಲ್ಸವೇನೋ ಬೀರಾ? ಹಲಗೆ ಎತ್ತೂದು, ಹಲಗೆ ಇಳ್ಸೂದು, ನಡೂಕೆ ಕಾಲು ಚಾಚಿ ಮಲ್ಗೂದು” ಎಂದು ಗದ್ದೆಗೆ ಹೋಗುವವರು ಕೆಣಕುತ್ತಿದ್ದರು.

“ಹೌದ್ರಾ, ಬನ್ನಿ, ಬದ್ಲಿ ಮಾಡ್ಕಳ್ವ” ಎನ್ನುತ್ತಿದ್ದ ಅವನು. ಯಾರೂ ಬರುತ್ತಿರಲಿಲ್ಲ.

ಬಿಡುವು ಇತ್ತು, ನಿಜ. ಆದರೆ ಅದು ತುಂಡು ತುಂಡಾದ ಬಿಡುವು. ಹಾರವಾಡದಲ್ಲಿ ತಂಗಿಯ ಮದುವೆಯಾದಾಗ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವನು ಎದ್ದು ದಂಡೆಯ ದಾರಿ ಹಿಡಿದಿದ್ದ. ಬಯಲಾಟ ಬಂದರೆ ಹೋಗಿ ಕೂರುತ್ತಿದ್ದ. ರಾಕ್ಷಸ ಆರ್ಭಟಿಸುತ್ತ ಬರುವುದನ್ನು ಅವನು ನೂರು ಸಲ ನೋಡಿದ್ದ. ಸಾಯುವುದನ್ನು ಒಮ್ಮೆಯೂ ನೋಡಿರಲಿಲ್ಲ. “ಕಡೀಗೆ ಸಾಯ್ತಾನೆ ಹೇಳಿ ಎಲ್ಲಾ ಹೇಳ್ತ್ರು. ನಾ ನಂಬೂದಿಲ್ಲ” ಎಂದು ತಮಾಷೆ ಮಾಡುತ್ತಿದ್ದ.

೧೯೨೩ರಲ್ಲಿ ರಾಮನಾಥ ಮಂಜಗುಣಿಯ ಶಾಲೆಗೆ ಮಾಸ್ತರನಾಗಿ ಬಂದ. ಅಂಕೋಲೆಯವನು, ಇಪ್ಪತ್ನಾಲ್ಕರ ಹರೆಯ, ಮದುವೆಯಾಗಿರಲಿಲ್ಲ. ಒಂದು ಪೆಟ್ಟಿಗೆ ತುಂಬ ಪುಸ್ತಕ ತಂದಿದ್ದ. ಸಂಜೆ ಶಾಲೆ ಬಿಟ್ಟ ಮೇಲೆ ಪುಸ್ತಕ ತೆರೆದರೆ ಕತ್ತಲಾಗುವ ತನಕ ಓದಬಹುದು ಎಂದುಕೊಂಡಿದ್ದ. ಆದರೆ ದಿನವಿಡೀ ಮಕ್ಕಳಿಗೆ ಓದಿಸಿದವನಿಗೆ ಸಂಜೆ ಅಕ್ಷರ ಕಂಡರೆ ಆಗುತ್ತಿರಲಿಲ್ಲ. ಹಾಗೆ ಒಂದು ದಿನ ದಂಡೆಯ ಮೇಲೆ ನಡೆಯುತ್ತ ಬಾಗಿಲ ಹತ್ತಿರ ಬಂದಾಗ, ಕಂಬಳಿ ಹಾಸಿಕೊಂಡು ಕುಳಿತ ಒಬ್ಬ ಮನುಷ್ಯ ಹಾಸುಗಲ್ಲಿನ ಮೇಲೆ ಕೆತ್ತಿದ ಗೆರೆಗಳನ್ನು ನೋಡುತ್ತಿದ್ದ. ಗೆರೆಗಳ ಮೇಲೆ ಮೂರು ಕರಿ ಕಲ್ಲು, ಹದಿನೈದು ಬಿಳಿ ಚಿಪ್ಪು.

“ಹುಲಿಯಾಟವಾ?” ರಾಮನಾಥ ಕೇಳಿದ. “ಒಬ್ಬನೇ ಹೇಗೆ ಆಡ್ತಿ?”

“ಇಬ್ರು ಇದ್ದೇವಲ್ಲ ಒಡ್ಯಾ. ಹುಲಿಗೊಬ್ಬ, ದನಕ್ಕೊಬ್ಬ.”

“ಯಾರು ಗೆಲ್ತಾರೆ?”

“ಯಾರೂ ಇಲ್ಲೆ. ಅಷ್ಟ್ರಲ್ಲಿ ನೀರು ತಿರ್ಗ್ತದೆ.”

ರಾಮನಾಥ ಪಂಚೆ ಮೇಲೆತ್ತಿ ಅಲ್ಲೇ ಕುಳಿತ. ಹುಲಿ ಅವನ ಪಾಲಿಗೆ ಬಂತು. ಒಂಬತ್ತು ವರ್ಷ ಅವನ ಪಾಲಿಗೇ ಉಳಿಯಿತು.

ಹುಲಿಯಾಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಹುಲಿ ದನವನ್ನು ಹಾರಿ ತಿನ್ನಬೇಕು, ದನಗಳು ಸೇರಿ ಹುಲಿಗೆ ದಾರಿ ಇಲ್ಲದಂತೆ ಕಟ್ಟಬೇಕು. ಏಳು ದನ ತಿಂದರೆ ಹುಲಿ ಗೆದ್ದಂತೆ ಎಂದು ಇವರಿಬ್ಬರು ಮಾಡಿಕೊಂಡ ಮಾತು. ಒಂದು ಸಂಜೆಯ ಹೊರತು ರಾಮನಾಥ ಎಂದೂ ನಾಲ್ಕು ದಾಟಲಿಲ್ಲ. ಬೀರಾ ದನ ಇಡುವಾಗ ಅವಸರವಿಲ್ಲ, ಯೋಚನೆ ಮಾಡಿದಂತೆಯೂ ಕಾಣುವುದಿಲ್ಲ. ತಂಬಾಕು ಉಜ್ಜುತ್ತ ಹೊಳೆಯ ಕಡೆ ನೋಡುತ್ತ ಒಂದು ಚಿಪ್ಪು ಸರಿಸುತ್ತಾನೆ. ನೋಡಿದರೆ ಹುಲಿಯ ದಾರಿ ಮುಚ್ಚಿರುತ್ತದೆ. ಆಟ ಮುಗಿಯುವ ಮೊದಲು ನೀರು ತಿರುಗಿದರೆ ಅವನು ಅರ್ಧ ಮಾತಿನಲ್ಲಿ ಎದ್ದುಬಿಡುತ್ತಿದ್ದ. ಕಲ್ಲು ಚಿಪ್ಪು ಇದ್ದಲ್ಲೇ ಇರಬೇಕು, ಮಾರನೆಯ ದಿನ ಅಲ್ಲಿಂದಲೇ ಆಟ.

ಒಮ್ಮೆ ಹಾಗೆ ಬಿಟ್ಟುಹೋದ ಆಟಕ್ಕೆ ಮರುದಿನ ಬಂದಾಗ ಒಂದು ದನ ಜಾಗ ಬಿಟ್ಟು ಎರಡು ಮನೆ ಮುಂದೆ ಹೋಗಿ, ಹುಲಿಯ ಎದುರು ಅಡ್ಡ ನಿಂತಿತ್ತು.

“ಬೀರಾ, ನಿನ್ನೆ ಈ ದನ ಇಲ್ಲಿರಲಿಲ್ಲ.”

“ಮೇಯೂಕೆ ಹೋಗಿರ್ಬೇಕು. ನಮ್ಮ ಬದೀಗೆ ದನ ಕಟ್ಟಿ ಹಾಕೂ ರೂಢಿ ಇಲ್ಲೆ.”

“ನೀನೇ ಸರಿಸಿದ್ದು.”

“ಸುಳ್ಳು ಹೇಳೂದಾದ್ರೆ ದೊಡ್ಡ ಸುಳ್ಳೇ ಹೇಳ್ತಿದ್ದೆ ಮಾಸ್ತರೆ, ಒಂದು ದನಕ್ಕೆ ಯಾಕೆ?” ಎನ್ನುವಷ್ಟರಲ್ಲಿ ಆ ಚಿಪ್ಪು ಅವರ ಕಣ್ಣೆದುರೇ ಎದ್ದು ಇನ್ನೊಂದು ಮನೆ ನಡೆಯಿತು. ಒಳಗೆ ಬೆರಳಿನ ಉಗುರಿನಷ್ಟು ಏಡಿ ಮನೆ ಮಾಡಿತ್ತು. ಆ ದಿನ ಇಬ್ಬರೂ ನಕ್ಕ ನಗು ಆಚೆ ದಡದ ದೋಣಿಯವನಿಗೂ ಕೇಳಿತಂತೆ. ಆ ಚಿಪ್ಪನ್ನು ಬೀರಾ ಬಿಸಾಡಲಿಲ್ಲ. “ಆಟ ಗೊತ್ತಿದ್ದ ದನ ಅದು” ಎಂದು ನೀರಿನ ಅಂಚಿನಲ್ಲಿ ಬಿಟ್ಟು ಬಂದ.

ಇನ್ನೊಂದು ರೂಢಿ ಇತ್ತು. ಕೂರುವ ಮೊದಲು ಬೀರಾ ಕೇಳಬೇಕು: “ಇವತ್ತೆಂತಾ ತಿಥಿ, ಮಾಸ್ತರೆ?” ರಾಮನಾಥ ಪಂಚಾಂಗ ನೋಡಿಕೊಂಡು ಬಂದದ್ದನ್ನು ಹೇಳಬೇಕು. ಆಗ ಬೀರಾ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸಿ, ನೀರು ತಿರುಗುವ ಹೊತ್ತು ಹೇಳುತ್ತಾನೆ. ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ ಅದು: ತಿಥಿ ಒಂದು ಮುಂದೆ ಹೋದರೆ ನೀರು ಎರಡು ಗಳಿಗೆ ತಡ. ಅಮಾವಾಸ್ಯೆಯ ಸಂಜೆ ಹೊತ್ತು ಮುಳುಗಲು ಮೂರು ಗಳಿಗೆ ಇರುವಾಗ ನೀರು ತಿರುಗಿದರೆ, ಪಾಡ್ಯಕ್ಕೆ ಒಂದೇ ಗಳಿಗೆ ಇರುವಾಗ. ಬಿದಿಗೆಗೆ ಹೊತ್ತು ಮುಳುಗಿದ ಮೇಲೆ ಒಂದು ಗಳಿಗೆಗೆ. ಓದು ಬಾರದ ಬೀರನಿಗೆ ತಾನು ದಿನವೂ ಒಂದು ಉಪಕಾರ ಮಾಡುತ್ತಿದ್ದೇನೆ ಎಂದು ರಾಮನಾಥ ತಿಳಿದಿದ್ದ. ಮಳೆಗಾಲದಲ್ಲಂತೂ ವಾರಗಟ್ಟಲೆ ಚಂದ್ರನ ಮುಖ ಕಾಣುವುದಿಲ್ಲ. ಪಂಚಾಂಗ ಇಲ್ಲದಿದ್ದರೆ ಬಾಗಿಲ ಗತಿ ಏನು ಎಂದು ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

೧೯೩೨ರ ಜೂನಿನಲ್ಲಿ ಮಳೆ ಬೇಗ ಹಿಡಿಯಿತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿ ಎರಡೇ ದಿನ. ಗಜನಿಯಲ್ಲಿ ಮೊಳಕೆಯ ಭತ್ತ ಚೆಲ್ಲಿ ವಾರವಾಗಿತ್ತು. ಬೆರಳುದ್ದದ ಹಸಿರು ಎದ್ದಿತ್ತು. ಹೊಳೆಯ ಉಪ್ಪು ಇನ್ನೂ ಇಳಿದಿರಲಿಲ್ಲ. ಆ ಸಂಜೆ ದಂಡೆಯ ಮೇಲೆ ಕೂರುವ ಹಾಗಿರಲಿಲ್ಲ, ಅಂಥ ಮಳೆ. ಬೀರಾ ಹಲಗೆ ಎತ್ತಿಟ್ಟು ಶಾಲೆಗೇ ಬಂದ. ರಾಮನಾಥ ಜಗಲಿಯ ಮೇಲೆ ಕರಿಹಲಗೆಗೆ ಬರೆಯುವ ಖಡುವಿನಿಂದ ಗೆರೆ ಎಳೆದ.

ಅಂದು ಮೊದಲಿನಿಂದಲೇ ಆಟ ಬೇರೆಯಾಗಿತ್ತು. ಎರಡು ದನ ಬೇಗ ಹೋದವು. ಮೂರು, ನಾಲ್ಕು. ಐದನೆಯದು ಹೋದಾಗ ಬೀರಾ ತಂಬಾಕು ಉಜ್ಜುವುದನ್ನು ನಿಲ್ಲಿಸಿ ಕಂಬಳಿ ಸರಿಮಾಡಿಕೊಂಡು ಕುಳಿತ. ಆರು. ಒಂಬತ್ತು ವರ್ಷದಲ್ಲಿ ಆರು ದನ ತಿಂದದ್ದು ಇಲ್ಲ. ಇನ್ನೊಂದೇ ದನ.

ಆಗ ಬೀರಾ ತಲೆ ಎತ್ತಿ ಹೊರಗೆ ನೋಡಿದ. ಮೋಡದಲ್ಲಿ ಹೊತ್ತು ಎಷ್ಟಾಯಿತೆಂದು ತಿಳಿಯುವಂತಿರಲಿಲ್ಲ. “ಕೇಳೂದು ಮರ್ತೆ. ಇವತ್ತೆಂತಾ ತಿಥಿ, ಮಾಸ್ತರೆ?”

ಪಾಡ್ಯ. ರಾಮನಾಥನಿಗೆ ಗೊತ್ತಿತ್ತು, ಬೆಳಿಗ್ಗೆ ನೋಡಿದ್ದ. ಪಾಡ್ಯ ಎಂದರೆ ಬೀರಾ ಈಗಲೇ ಎದ್ದುಹೋಗುತ್ತಾನೆ. ನಾಳೆ ಬರುವಾಗ ರಾತ್ರಿಯಿಡೀ ಯೋಚಿಸಿದ ನಡೆ ತಂದಿರುತ್ತಾನೆ.

“ಬಿದಿಗೆ” ಎಂದ ರಾಮನಾಥ.

“ನಿನ್ನೆ ಅಮಾಸೆ ಹೇಳಿದ್ರಿ.”

“ಈ ಸಲ ಪಾಡ್ಯ ಕ್ಷಯ, ಬೀರಾ. ನಿನ್ನೆ ಸೂರ್ಯ ಹುಟ್ಟಿದ ಮೇಲೆ ಶುರುವಾಗಿ ಇವತ್ತು ಹುಟ್ಟುವುದರೊಳಗೆ ಮುಗಿದುಹೋಯಿತು. ಹಾಗಾದಾಗ ಪಂಚಾಂಗದಲ್ಲಿ ಆ ತಿಥಿಗೆ ದಿನವೇ ಇರೂದಿಲ್ಲ. ಸೀದಾ ಬಿದಿಗೆ.”

ಓದಿದವನೇ ಹೇಳಬಹುದಾದ ಸುಳ್ಳು ಅದು. ಹಾಗೆ ತಿಥಿ ಲೋಪವಾಗುವುದು ಉಂಟು. ಆ ತಿಂಗಳು ಆಗಿರಲಿಲ್ಲ, ಅಷ್ಟೇ.

ಬೀರಾ ಸ್ವಲ್ಪ ಹೊತ್ತು ಮಳೆಯನ್ನೇ ನೋಡಿದ. ಆಮೇಲೆ ಗೆರೆಗಳ ಕಡೆ ತಿರುಗಿ, “ಹಂಗಾದ್ರೆ ಇನ್ನೂ ಎರಡು ಗಳಿಗೆ ಅದೆ. ಆಡ್ವ” ಎಂದ.

ಆಡಿದರು. ಹುಲಿ ಏಳನೆಯ ದನದ ಹತ್ತಿರ ಬಂದು ನಿಂತಿತು. ನಡೆ ಬೀರನದು. ಅವನು ಗಲ್ಲಕ್ಕೆ ಕೈ ಹಚ್ಚಿ ನೋಡುತ್ತ ಕುಳಿತ, ನೋಡುತ್ತಲೇ ಕುಳಿತ. ಅಷ್ಟರಲ್ಲಿ ಮಳೆ ಒಮ್ಮೆಗೆ ನಿಂತಿತು. ಆ ಮೌನದಲ್ಲಿ ದಂಡೆಯ ಕಡೆಯಿಂದ ನೀರು ಬೀಳುವ ಸದ್ದು ಕೇಳಿತು. ಹೊರಗೆ ಬೀಳುವ ಸದ್ದಲ್ಲ, ಒಳಗೆ ಬೀಳುವ ಸದ್ದು. ಬೀರಾ ಎದ್ದು ಓಡಿದ. ರಾಮನಾಥ ಹಿಂದೆ ಓಡಿದ. ಅವನ ಪಂಚೆ ಕಾಲಿಗೆ ಸುತ್ತಿ ಎರಡು ಸಲ ಬಿದ್ದ.

ಮೊದಲ ಹಲಗೆಯನ್ನು ಇಬ್ಬರೂ ಸೇರಿ ಅರ್ಧ ಇಳಿಸಿದರು. ನೀರು ಅದನ್ನು ಕಿತ್ತು ಗದ್ದೆಯೊಳಗೆ ಒಯ್ದಿತು. ಎರಡನೆಯದು ಬೀರನ ಮೊಣಕೈಗೆ ಬಡಿಯಿತು. ಆಮೇಲೆ ಮಾಡುವುದೇನೂ ಇರಲಿಲ್ಲ. ಬೀರಾ ಕಂಡಿಯ ಕಲ್ಲಿನ ಮೇಲೆ ಕುಳಿತು, ತಾನು ಹುಟ್ಟಿದಂದಿನಿಂದ ತಡೆದ ನೀರು ಒಳಗೆ ಹೋಗುವುದನ್ನು ನೋಡಿದ. “ನೀವು ಮನೀಗೆ ಹೋಗಿ ಮಾಸ್ತರೆ” ಎಂದ. “ಯಾರಾದ್ರೂ ಬರೂದ್ರೊಳಗೆ ಹೋಗಿ.”

ರಾಮನಾಥ ಹೋದ.

ಮೂರನೆಯ ದಿನಕ್ಕೆ ಗಜನಿ ಹಳದಿಯಾಯಿತು. ನಾಲ್ಕನೆಯ ದಿನ ಊರಿನವರು ಕಟ್ಟೆಯ ಹತ್ತಿರ ಸೇರಿದರು. ಗಜನಿಯ ಯಜಮಾನಿಕೆ ಬೊಮ್ಮಯ್ಯ ನಾಯಕರದು. ನಿಧಾನದ ಮನುಷ್ಯ, ಸಿಟ್ಟು ಬಂದರೆ ದನಿ ಇನ್ನೂ ಇಳಿಯುತ್ತಿತ್ತು.

“ಎಂತಾ ಆಯ್ತು ಬೀರಾ?”

“ಕಣ್ಣು ಹತ್ತಿತ್ತು ಒಡ್ಯಾ.”

“ಎಲ್ಲಿ?”

“ಬಾಗ್ಲ ಹತ್ರ.”

“ಆ ಮಳ್ಯಾಗೆ?”

“ಇವ ಮನ್ಷನೋ ಕಪ್ಪೆಯೋ” ಎಂದು ಹಿಂದಿನಿಂದ ಯಾರೋ ಅಂದರು. ಕೆಲವರು ನಕ್ಕರು, ನಗುವ ಮನಸ್ಸು ಯಾರಿಗೂ ಇರಲಿಲ್ಲ.

ರಾಮನಾಥ ಜನರ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದ. ಅದು ಚಳವಳಿಯ ವರ್ಷ. ಮಾಸ್ತರರ ಮೇಲೆ ಸಣ್ಣ ದೂರು ಹೋದರೂ ಕೆಲಸ ಹೋಗುವ ಕಾಲ. ಅವನ ಮದುವೆಯಾಗಿ ಮೂರು ವರ್ಷವಾಗಿತ್ತು, ಹೆಂಡತಿ ಕಲಾವತಿ ಬಸುರಿ. ಇವೆಲ್ಲ ಕಾರಣಗಳೇ. ಆದರೆ ಆ ಹೊತ್ತಿನಲ್ಲಿ ಅವನ ಬಾಯಿ ಕಟ್ಟಿದ್ದು ಈ ಕಾರಣಗಳಲ್ಲ. ಒಂದು ದನಕ್ಕಾಗಿ ಸುಳ್ಳು ಹೇಳಿದೆ ಎಂದು ಅಷ್ಟು ಜನರ ಎದುರು ಹೇಳುವ ನಾಚಿಕೆ. ಬೀರಾ ಒಮ್ಮೆ ಅವನ ಕಡೆ ನೋಡಿದ. ಕಣ್ಣಿನಲ್ಲೇ ಬೇಡ ಎಂದ. ರಾಮನಾಥನಿಗೆ ಅಷ್ಟೇ ಬೇಕಾಗಿತ್ತು.

ಬಾಗಿಲು ಬೊಮ್ಮಯ್ಯ ನಾಯಕರ ಆಳು ಸೋಮನಿಗೆ ಹೋಯಿತು. ಆ ವರ್ಷ ಮಂಜಗುಣಿಯ ಮನೆಗಳಲ್ಲಿ ಗಂಜಿ ತೆಳುವಾಯಿತು. ತಿಮ್ಮಿ ನೀರಿಗೆ ಹೋದರೆ ಬಾವಿಯ ಕಟ್ಟೆಯ ಮೇಲೆ ಮಾತು ನಿಲ್ಲುತ್ತಿತ್ತು. ಬೀರಾ ಕೂಲಿ ಹುಡುಕಿಕೊಂಡು ಕಾರವಾರಕ್ಕೆ ಹೋದ, ಬಂದರದಲ್ಲಿ ಮರದ ದಿಮ್ಮಿ ಹೊರುವ ಕೆಲಸ ಸಿಕ್ಕಿತು. ಮರುವರ್ಷ ರಾಮನಾಥನಿಗೆ ತೋಡೂರಿಗೆ ವರ್ಗವಾಯಿತು, ಅದರ ಮರುವರ್ಷ ಕಾರವಾರಕ್ಕೇ.

ಬಂದರದ ಕೂಲಿಗೆ ಭಾನುವಾರ ರಜೆ. ಬೀರನ ಬದುಕಿನಲ್ಲಿ ಮೊದಲ ಸಲ ಬೆಳಗಿನಿಂದ ಸಂಜೆಯ ತನಕ ಅವನದೇ ಆದ ದಿನ ಬಂತು. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಉಳಿದ ಕೂಲಿಗಳು ಇಸ್ಪೀಟು ಆಡುತ್ತಿದ್ದರು, ಹೆಂಡದ ಅಂಗಡಿಗೆ ಹೋಗುತ್ತಿದ್ದರು, ಮರಳಿನ ಮೇಲೆ ಮಲಗಿ ಹಾಡು ಹೇಳುತ್ತಿದ್ದರು. ಇವನು ಸಮುದ್ರಕ್ಕೆ ಬೆನ್ನು ಹಾಕಿ ಕುಳಿತಿರುತ್ತಿದ್ದ. ಮಧ್ಯಾಹ್ನ ರಾಮನಾಥನ ಮನೆಗೆ ಬರುತ್ತಿದ್ದ. ಕಲಾವತಿ ಚಹಾ ಕೊಟ್ಟರೆ ಕುಡಿಯುತ್ತ ಕುಡಿಯುತ್ತ ಸಟ್ಟನೆ ಎದ್ದು ನಿಲ್ಲುತ್ತಿದ್ದ. ಮತ್ತೆ ಸುಮ್ಮನೆ ಕೂರುತ್ತಿದ್ದ.

“ಅವರು ಯಾಕ್ರೀ ಹಾಗೆ ಎದ್ದು ನಿಲ್ಲೂದು? ಚಹಾ ಸರಿಯಾಗಿಲ್ಲವಾ?” ಎಂದು ಅವಳು ಒಮ್ಮೆ ಕೇಳಿದಳು.

ರಾಮನಾಥ ಪಂಚಾಂಗ ನೋಡಿದ್ದ. ಬೀರಾ ಏಳುವ ಹೊತ್ತು ನೀರು ತಿರುಗುವ ಹೊತ್ತು.

ಆ ದೀಪಾವಳಿಗೆ ರಾಮನಾಥ ಬಡಗಿಯಿಂದ ಸಾಗವಾನಿಯ ಹಲಗೆ ಮಾಡಿಸಿ ಅದರಲ್ಲಿ ಹುಲಿಯಾಟದ ಗೆರೆ ಕೊರೆಸಿದ. ಕಾಯಿಗಳಿಗೆ ಅರಗಿನ ಬಣ್ಣ. ಬೀರಾ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮೂಸಿ ನೋಡಿದ. “ಮರ ಒಳ್ಳೇದದೆ” ಎಂದು ಕೆಳಗಿಟ್ಟ.

“ಒಂದು ಆಟ, ಬೀರಾ.”

“ಬೇಡ ಮಾಸ್ತರೆ.”

“ನನ್ನ ಮೇಲೆ ಸಿಟ್ಟಾ?”

ಬೀರಾ ಹಲಗೆಯನ್ನು ಗೋಡೆಗೆ ಒರಗಿಸಿಟ್ಟ. “ಸಿಟ್ಟೆಂತದು. ಮೊದ್ಲು ಎರಡು ಗಳಿಗೆ ಸಿಕ್ಕಿದ್ರೆ ಅದು ನಂದು ಅನ್ಸ್ತಿತ್ತು. ಈಗ ದಿನ ಪೂರಾ ಕೊಟ್ಟಿದ್ದಾರೆ. ಯಾರದು ಹೇಳಿ ಗೊತ್ತಾಗೂದಿಲ್ಲೆ.”

ಅಂದು ಹೇಳಬೇಕಿತ್ತು. ಪಾಡ್ಯ ಕ್ಷಯವಾಗಿರಲಿಲ್ಲ, ನಾನೇ ನುಂಗಿದೆ ಎಂದು. ನಾಲಿಗೆಯ ತುದಿಗೆ ಬಂದಿತ್ತು. ಆ ಮಾತು ಹಾಗೆ ಬಂದು ಬಂದು ಹಿಂದೆ ಹೋದ ಭಾನುವಾರಗಳನ್ನು ರಾಮನಾಥ ಈಗ ಲೆಕ್ಕ ಹಾಕುವುದಿಲ್ಲ. ಬೀರಾ ಬರುತ್ತಿದ್ದ, ಊಟ ಮಾಡುತ್ತಿದ್ದ, ರಾಮನಾಥ ಪತ್ರಿಕೆ ಓದಿ ಹೇಳಿದರೆ ಕೇಳುತ್ತಿದ್ದ. ಇಬ್ಬರ ನಡುವೆ ಆ ಸಾಗವಾನಿಯ ಹಲಗೆ ಗೋಡೆಗೆ ಒರಗಿ ನಿಂತಿರುತ್ತಿತ್ತು. ಮುಂದಿನ ವಾರ ಹೇಳುತ್ತೇನೆ ಎಂದುಕೊಳ್ಳುವುದು ಎಷ್ಟು ಸುಲಭ, ಮುಂದಿನ ವಾರವೂ ಅವನು ಬರುತ್ತಾನೆಂದು ಗೊತ್ತಿರುವಾಗ.

೧೯೩೮ರ ಚೈತ್ರದಲ್ಲಿ ಬೀರನಿಗೆ ಕೆಮ್ಮು ಹಿಡಿಯಿತು. ದಿಮ್ಮಿ ಹೊರಲು ಆಗದೆ ಊರಿಗೆ ಹೋದ. ವೈಶಾಖದ ಕೊನೆಗೆ, ಮಾವಿನಕಾಯಿ ಮಾರಲು ಕಾರವಾರಕ್ಕೆ ಬಂದ ಮಂಜಗುಣಿಯವರ ಕೈಯಲ್ಲಿ ತಿಮ್ಮಿ ಹೇಳಿಕಳಿಸಿದಳು: ಮಾಸ್ತರರು ಒಮ್ಮೆ ಬಂದುಹೋದರೆ ಒಳ್ಳೆಯದು. ಶಾಲೆಗೆ ರಜೆ ಇತ್ತು. ರಾಮನಾಥ ಅಂಕೋಲೆಯ ತನಕ ಮೋಟಾರಿನಲ್ಲಿ ಬಂದು, ಅಲ್ಲಿಂದ ಬಿಸಿಲಿನಲ್ಲಿ ನಡೆದ. ನಡೆಯುವಾಗ ಒಂದು ನಿಶ್ಚಯ ಮಾಡಿದ. ಬೀರನ ಮನೆಗೆ ಹೋಗುವ ಮೊದಲು ಬೊಮ್ಮಯ್ಯ ನಾಯಕರ ಮನೆಗೆ ಹೋದ.

ನಾಯಕರು ಮುದುಕರಾಗಿದ್ದರು, ಅಂಗಳದಲ್ಲಿ ಬೀಜದ ಭತ್ತ ನೋಡುತ್ತಿದ್ದರು. ರಾಮನಾಥ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಶಾಲೆಯ ಜಗಲಿ, ಆರು ದನ, ತಿಥಿ. ನಾಯಕರು ಕೇಳಿದರು. ಮೊರದಲ್ಲಿನ ಜೊಳ್ಳು ಆರಿಸುವ ಕೈ ನಿಲ್ಲಲಿಲ್ಲ.

“ಆರು ವರ್ಷ ಆಯ್ತಲ್ಲ ಮಾಸ್ತರೆ” ಎಂದರು ಕೊನೆಗೆ. “ಆಗ ಹೇಳಿದ್ರೆ ನಿಮ್ಗೆ ಎರಡು ಬೈದು, ಅವಂಗೆ ಎರಡು ಬೈದು ಬಾಗ್ಲು ಅವನ ಕೈಲೇ ಇಡ್ತಿದ್ದೆ. ಅವನಷ್ಟು ನೀರು ತಿಳಿದವ ಇಲ್ಲೆ. ಬಾಗ್ಲ ಹತ್ರ ಮಲ್ಗಿದೆ ಅಂದ, ಅದ್ಕೇ ತೆಗ್ದದ್ದು. ಮಲ್ಗೂವವನ ಕೈಲಿ ಹೇಗೆ ಕೊಡೂದು?”

ರಾಮನಾಥ ಕಾಲ ಬಳಿ ಚೆಲ್ಲಿದ್ದ ನಾಲ್ಕು ಕಾಳು ಹೆಕ್ಕಿ ಮೊರಕ್ಕೆ ಹಾಕಿದ.

“ಈ ಮಳೆಗಾಲಕ್ಕೆ ಅವಂಗೇ ಕೊಡ್ತೆ ಹೇಳಿ” ಎಂದರು ನಾಯಕರು. ಮೊರ ಕೆಳಗಿಟ್ಟು, “ಹೇಳಿ, ಅಷ್ಟೇ. ಅವ ಏಳೂದಿಲ್ಲ, ನಾ ನಿನ್ನೆ ನೋಡಿ ಬಂದೆ” ಎಂದರು.

ಬೀರಾ ಜಗಲಿಯ ಮೇಲೆ, ಹೊಳೆಯ ಕಡೆ ತಲೆ ಮಾಡಿ ಮಲಗಿದ್ದ. ಮೈ ಇಳಿದು ಕಂಬಳಿಯೇ ದಪ್ಪವಾಗಿ ಕಾಣುತ್ತಿತ್ತು. ರಾಮನಾಥ ಪಕ್ಕದಲ್ಲಿ ಕುಳಿತು ನಾಯಕರ ಮಾತನ್ನು ಹೇಳಿದ. ಆಮೇಲೆ ತನ್ನ ಮಾತನ್ನೂ ಹೇಳಿದ. “ಪಾಡ್ಯ ಕ್ಷಯ ಆಗಿರಲಿಲ್ಲ, ಬೀರಾ. ನಾನು ಸುಳ್ಳು ಹೇಳಿದೆ.”

ಬೀರನ ಎದೆ ಅಲುಗಿತು. ಕೆಮ್ಮು ಎಂದುಕೊಂಡ ರಾಮನಾಥ. ಅದು ನಗು.

“ಗೊತ್ತಿತ್ತಲ್ಲ” ಎಂದ ಬೀರಾ. “ಪಂಚಾಂಗ ತಿಥಿ ನುಂಗ್ತದೆ ಮಾಸ್ತರೆ, ನೀರು ನುಂಗೂದಿಲ್ಲೆ. ಬೆಳಿಗ್ಗೆ ಹಲಗೆ ಎತ್ತಿದವ ನಾನು. ಸಂಜೆ ಎಷ್ಟೊತ್ತಿಗೆ ತಿರ್ಗ್ತದೆ ಹೇಳಿ ನಂಗೆ ಗೊತ್ತಿಲ್ವಾ?”

“ಮತ್ತೆ ದಿನಾ ಯಾಕೆ ಕೇಳ್ತಿದ್ದೆ?”

“ನೀವು ಹೇಳ್ಬೇಕಲ್ಲ, ಖುಷೀಲಿ ನೋಡ್ಕಂಡು ಬರ್ತಿದ್ರಿ.”

ತಿಮ್ಮಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಇದು ಹೊಸ ಮಾತು ಎಂದು ಅವಳ ಮುಖ ಹೇಳುತ್ತಿತ್ತು.

“ಗೊತ್ತಿದ್ದೂ ಯಾಕೆ ಏಳಲಿಲ್ಲ?” ಎಂದ ರಾಮನಾಥ.

ಬೀರಾ ಮಾಡಿನ ಸೋಗೆ ನೋಡುತ್ತ ಮಲಗಿದ್ದ. “ನಂಗೂ ಆಟ ಬೇಕಿತ್ತು” ಎಂದ. “ಒಂದು ಸಲ ನೀರಿಗೆ ಹೆದರ್ದೆ ಕಡೀ ತನ್ಕ ಕೂತ್ಕಳ್ವ ಅನ್ಸ್ತು. ಹೊಸಿಲು ಮುಟ್ಟೂದ್ರೊಳಗೆ ಓಡಿ ಹೋದ್ರಾಯ್ತು, ಅಂದ್ಕಂಡೆ. ಅದ್ಕೇ ಅಲ್ವಾ, ಮಲ್ಗಿದ್ದೆ ಅಂದದ್ದು. ಹಲಗೆ ಕಾಯೂವವ ಆಟ ಆಡ್ತ ಕೂತಿದ್ದೆ ಅನ್ನೂದು ಹೇಗೆ? ನಿಮ್ಮ ಸುಳ್ಳು ಸಣ್ಣದು ಮಾಸ್ತರೆ. ಎಲ್ಲಾ ನೀವೇ ಹೊತ್ಕಳ್ಬೇಡಿ.”

ಬಿಸಿಲು ಅಂಗಳದಿಂದ ಹಿಂದೆ ಸರಿಯಿತು. ಸೋಮ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ದಂಡೆಯ ಕಡೆ ಹೋಗುವುದು ಕಾಣಿಸಿತು. ಬೀರಾ ತಲೆ ಹೊರಳಿಸಿ ಅವನನ್ನು ನೋಡಿದ, ಅವನು ಮರೆಯಾಗುವ ತನಕ ನೋಡಿದ. ಏಳಲು ಹೋಗಲಿಲ್ಲ.

“ಇವತ್ತೆಂತಾ ತಿಥಿ, ಮಾಸ್ತರೆ?”

“ಪಾಡ್ಯ” ಎಂದ ರಾಮನಾಥ.

ಬೀರಾ ಹೆಬ್ಬೆರಳನ್ನು ಬೆರಳ ಗೆಣ್ಣಿಗೆ ತಂದ, ಎಣಿಸಲು ಹೋಗಿ ಬಿಟ್ಟ. “ಬಿದಿಗೆ ಅನ್ನಿ” ಎಂದ.

“ಬಿದಿಗೆ.”

“ಹಂಗಾದ್ರೆ ಎರಡು ಗಳಿಗೆ ಅದೆ.”

ಅವನು ತಿಮ್ಮಿಗೆ ಕಣ್ಣಿನಲ್ಲಿ ಸನ್ನೆ ಮಾಡಿದ. ಅವಳು ಒಳಗಿನಿಂದ ಒಂದು ಕರಟ ತಂದಿಟ್ಟಳು. ಅದರಲ್ಲಿ ಮೂರು ಕರಿ ಕಲ್ಲು, ಚಿಪ್ಪುಗಳು. ರಾಮನಾಥ ಒಲೆಯ ಇದ್ದಿಲು ತೆಗೆದುಕೊಂಡು ಸಗಣಿ ಸಾರಿಸಿದ ನೆಲದ ಮೇಲೆ ಗೆರೆ ಎಳೆದ. ಕಾಯಿ ಇಡಲು ಹೋದಾಗ ಬೀರಾ ತಡೆದ. ತಿಮ್ಮಿ ಅವನ ಬೆನ್ನಿಗೆ ಕೈ ಕೊಟ್ಟು ಸ್ವಲ್ಪ ಎತ್ತಿ ಹಿಡಿದಳು. ಹುಲಿ ಇಲ್ಲಿ, ಇಲ್ಲಿ, ಇಲ್ಲಿ. ದನ ಒಂಬತ್ತು. ಒಂದೊಂದನ್ನೇ ಅವನು ಇಟ್ಟ. ಆರು ವರ್ಷದ ಹಿಂದೆ ಮಳೆ ನಿಂತಾಗ ಶಾಲೆಯ ಜಗಲಿಯ ಮೇಲೆ ಹೇಗಿತ್ತೋ ಹಾಗೆ. ಏಳನೆಯ ದನದ ಪಕ್ಕ ಹುಲಿ ನಿಂತಿತ್ತು. ರಾಮನಾಥನಿಗೆ ಅದು ಮರೆತಿರಲಿಲ್ಲ.

“ನನ್ನ ನಡೆ ಇತ್ತು” ಎಂದ ಬೀರಾ. “ಅವತ್ತು ನೀವು ಗೆದ್ದೆ ಅಂದ್ಕಂಡಿದ್ರಿ, ಅಲ್ದಾ?”

“ಹೌದು.”

“ಆರು ವರ್ಷ ಬೇಕಾಯ್ತು ನಂಗೆ. ನೋಡಿ.”

ಅವನು ಹೊಳೆಯ ಕಡೆ ಒಮ್ಮೆ ಕಿವಿ ಕೊಟ್ಟ. ಆಮೇಲೆ ಎರಡು ಬೆರಳಲ್ಲಿ ಒಂದು ಚಿಪ್ಪು ಹಿಡಿದು, ರಾಮನಾಥ ಎಂದೂ ನೋಡದಿದ್ದ ಮೂಲೆಯ ಗೆರೆಯ ಮೇಲೆ ಒಂದು ಮನೆ ಎಡಕ್ಕೆ ಸರಿಸಿ, ಹುಲಿಯ ದಾರಿ ಮುಚ್ಚಿದ.